ಕಯ್ಯೂರು: ಒಂದು ಸಾವು, ನಾಲ್ಕು ನೇಣು

ಕಾಲೇಜಿನಲ್ಲಿದ್ದಾಗ ನಿರಂಜನರ ‘ಚಿರಸ್ಮರಣೆ’ ಓದಿ ಕಯ್ಯೂರಿನ ರೈತರಿಗಾಗಿ ಅತ್ತವನು ನಾನು. ಕಾನೂನು ಓದಿದ ಮೇಲೆ ಅದೇ ಕಥೆ ಬೇರೊಂದು ಪ್ರಶ್ನೆ ಎಬ್ಬಿಸಿತು: ಸಾವು ಯಾವಾಗ ಕೊಲೆಯಾಗುತ್ತದೆ?

ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1941ರ ಮಾರ್ಚ್ 28ರಂದು ರೈತರ ಮೆರವಣಿಗೆಗೆ ಸಿಕ್ಕಿಬಿದ್ದ ಪೊಲೀಸ್ ಸುಬ್ಬರಾಯನ್ ಹೊಳೆಗೆ ಹಾರಿ ಸತ್ತರು. ವಿಚಾರಣೆ ಮಂಗಳೂರಿನಲ್ಲಿ ನಡೆಯಿತು. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಅಪ್ಪು, ಚಿರುಕಂಡನ್, ಕುಂಞಂಬು ನಾಯರ್ ಮತ್ತು ಅಬೂಬಕರ್ ಅವರನ್ನು ನೇಣಿಗೇರಿಸಲಾಯಿತು. ಐದನೆಯವರು ಎಳೆಯ ಪ್ರಾಯದವರಾದ್ದರಿಂದ ಉಳಿದರು.

ದಂಡ ಸಂಹಿತೆಯ 300ನೇ ಕಲಮಿನಂತೆ ಕೊಲೆ ಎನ್ನಲು ಆರೋಪಿಯ ಕೃತ್ಯದಿಂದಲೇ ಸಾವು ಬಂದಿರಬೇಕಿತ್ತು. ಜೊತೆಗೆ ಕೊಲ್ಲುವ ಉದ್ದೇಶವೋ, ಸಾವು ತರುವಂಥ ಗಾಯ ಮಾಡುವ ಉದ್ದೇಶವೋ, ಸಾವು ಬಹುತೇಕ ಖಚಿತವೆಂಬ ಅರಿವೋ ಇರಬೇಕಿತ್ತು. ಆದರೆ ಗುಂಪಿಗೆ 149ನೇ ಕಲಮಿತ್ತು: ಅಕ್ರಮ ಕೂಟದ ಸಮಾನ ಉದ್ದೇಶಕ್ಕಾಗಿ ಒಬ್ಬ ಮಾಡಿದ ಅಪರಾಧಕ್ಕೆ ಕೂಟದವರೆಲ್ಲ ಹೊಣೆ.

ಅದೇ ನಿಯಮ ಇಂದು ನ್ಯಾಯ ಸಂಹಿತೆಯ 190ನೇ ಕಲಮಾಗಿದೆ. ಸುಮ್ಮನೆ ನೋಡುತ್ತ ನಿಂತವನು ಅಪರಾಧಿಯಲ್ಲ, ನಿಜ. ಆದರೆ ಕೋರ್ಟಿನಲ್ಲಿ ಅದು ತೀರ್ಮಾನವಾಗುವಷ್ಟರಲ್ಲಿ ಪ್ರಾಯವೇ ಕಳೆದುಹೋಗಬಹುದು. ಗುಂಪು ಕಂಡಲ್ಲಿ ಓಡುವ ನಮ್ಮ ಮಕ್ಕಳಿಗೆ ಇದನ್ನು ಮನೆಯಲ್ಲೇ ಹೇಳಿಕೊಡೋಣ.