ಹಳಿ ಎತ್ತಿದ ಮೇಲೆ ಹಾದಿ ಯಾರದು?

ರೈಲು ಎಷ್ಟೇ ಬಲಶಾಲಿಯಾದರೂ ಏರು ಕಂಡರೆ ಸೋಲುತ್ತದೆ. ನುಣುಪಾದ ಹಳಿಯ ಮೇಲೆ ನುಣುಪಾದ ಗಾಲಿ ಉರುಳುವುದರಿಂದಲೇ ಅದು ನೂರಾರು ಟನ್ ಭಾರ ಎಳೆಯಬಲ್ಲದು. ಆದರೆ ದಾರಿ ತುಸು ಕಡಿದಾದರೂ ಅದೇ ನುಣುಪು ಗಾಲಿಯನ್ನು ಜಾರಿಸುತ್ತದೆ. ಹಾಗಾಗಿ ರೈಲು ಮಾರ್ಗ ಹಾಕುವವರು ಗುಡ್ಡ ಕಡಿದು, ತಗ್ಗು ತುಂಬಿ, ಸುರಂಗ ಕೊರೆದು, ಏರನ್ನು ಹತ್ತಾರು ಕಿಲೋಮೀಟರ್ ಉದ್ದಕ್ಕೆ ಹಂಚಿಬಿಡುತ್ತಾರೆ. ಇಂಥ ಮಾರ್ಗದ ಹಳಿ ಎತ್ತಿ, ಜಲ್ಲಿ ತೆಗೆದು, ನೆಲ ಸಮಮಾಡಿದರೆ ಸೈಕಲ್ಲಿಗೆ ಹೇಳಿಮಾಡಿಸಿದ ಹಾದಿ ಸಿದ್ಧವಾಗುತ್ತದೆ. ಮಕ್ಕಳೂ ವಯಸ್ಸಾದವರೂ ಏದುಸಿರು ಬಿಡದೆ ತುಳಿಯಬಹುದು.

ಇದನ್ನು ಮೊದಲು ಮಾಡಿ ತೋರಿಸಿದವರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದವರು ಮುಖ್ಯರು. ಅಲ್ಲಿನ ಎಲ್ರಾಯ್ ಮತ್ತು ಸ್ಪಾರ್ಟಾ ಊರುಗಳ ನಡುವೆ ರೈಲು ನಿಂತುಹೋದ ಮಾರ್ಗ 1967ರಲ್ಲಿ ಸಾರ್ವಜನಿಕ ಹಾದಿಯಾಯಿತು. ಅದರ ಉದ್ದ ಸುಮಾರು 51 ಕಿ.ಮೀ., ನಡುವೆ ಮೂರು ಸುರಂಗಗಳು. ಇಂಗ್ಲೆಂಡಿನ ಬ್ರಿಸ್ಟಲ್–ಬಾತ್ ನಡುವಿನ ಹಳೆಯ ಮಾರ್ಗವೂ 1979ರಿಂದ 1986ರ ನಡುವೆ ಹಂತಹಂತವಾಗಿ ಸೈಕಲ್ ದಾರಿಯಾಯಿತು. 1983ರಲ್ಲಿ ಅಮೆರಿಕ ಒಂದು ಹೆಜ್ಜೆ ಮುಂದೆ ಹೋಗಿ, ರೈಲು ನಿಂತ ಜಾಗವನ್ನು ಒಡೆದು ಹಂಚದೆ ಹಾದಿಯಾಗಿ ಕಾಯ್ದಿಡಲು ಕಾನೂನಿನಲ್ಲೇ ಅವಕಾಶ ಕಲ್ಪಿಸಿತು. ಮುಂದೆ ಬೇಕೆನಿಸಿದರೆ ಅಲ್ಲಿ ಮತ್ತೆ ಹಳಿ ಹಾಕಬಹುದು.

ನಮ್ಮಲ್ಲಿ ಕತೆ ಬೇರೆ. ಇಲ್ಲಿ ರೈಲು ಮಾರ್ಗ ಸಾಯುವುದಕ್ಕಿಂತ ಅಗಲವಾಗುವುದೇ ಹೆಚ್ಚು. 1992ರಲ್ಲಿ ರೈಲ್ವೆ ಇಲಾಖೆ ದೇಶಕ್ಕೆಲ್ಲ ಒಂದೇ ಗೇಜ್ ಎಂಬ ಯೋಜನೆ ಕೈಗೊಂಡಿತು. ಚಿತ್ರದುರ್ಗ ಜಿಲ್ಲೆಯ ಚಿಕ್ಕಜಾಜೂರಿನ ಮೂಲಕ ಹಾಯುವ ಬೆಂಗಳೂರು–ಹುಬ್ಬಳ್ಳಿ ಮಾರ್ಗವೂ ಆ ದಶಕದಲ್ಲೇ ಮೀಟರ್ ಗೇಜಿನಿಂದ ಬ್ರಾಡ್ ಗೇಜಿಗೆ ಬದಲಾಯಿತು. ಬಯಲುಸೀಮೆಯಲ್ಲಿ ಈ ಕೆಲಸ ಬೇಗ ಮುಗಿಯಿತು. ಘಟ್ಟದಲ್ಲಿ ಹಾಗಾಗಲಿಲ್ಲ.

ಹಾಸನ–ಮಂಗಳೂರು ಮಾರ್ಗದ ಕೆಲಸ ಶುರುವಾದದ್ದು 1960ರ ದಶಕದಲ್ಲಿ, ಮುಗಿದದ್ದು 1979ರಲ್ಲಿ. ಅದರಲ್ಲಿ ಅತಿ ಕಷ್ಟದ ಭಾಗ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ಈ ದೂರದಲ್ಲಿ 57 ಸುರಂಗಗಳಿವೆ, ನೂರಕ್ಕೂ ಹೆಚ್ಚು ಸೇತುವೆಗಳಿವೆ. ಏರು 50ಕ್ಕೆ 1, ಅಂದರೆ 50 ಮೀಟರ್ ಸಾಗಿದರೆ ಒಂದು ಮೀಟರ್ ಎತ್ತರ. ರೈಲಿನ ಲೆಕ್ಕದಲ್ಲಿ ಇದು ಭಾರೀ ಏರು. ಸೈಕಲ್ ಸವಾರನಿಗೆ ಗಿಯರ್ ಇಲ್ಲದಿದ್ದರೂ ನಡೆಯುತ್ತದೆ.

ಗೇಜ್ ಪರಿವರ್ತನೆಗಾಗಿ 1996ರಲ್ಲಿ ಇಲ್ಲಿ ರೈಲು ನಿಂತಿತು. ಕೆಲಸ ಎಳೆಯುತ್ತಲೇ ಹೋಯಿತು. ಸರಕು ರೈಲು ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ. ನಡುವಿನ ಆ ವರ್ಷಗಳಲ್ಲಿ ಮಂಗಳೂರಿನ ಕಡೆಯವರು ರಾಜಧಾನಿಯ ನೇರ ರೈಲಿಲ್ಲದೆ ಬಸ್ಸನ್ನೇ ನಂಬಬೇಕಾಯಿತು. ಅದೇ ಹೊತ್ತಿಗೆ ಖಾಲಿಬಿದ್ದ ಮಾರ್ಗ ಚಾರಣಿಗರ ಕಣ್ಣಿಗೆ ಬಿತ್ತು. ದೋಣಿಗಾಲಿನಲ್ಲಿ ಹೆಜ್ಜೆ ಹಾಕಿ, ಕಡಗರವಳ್ಳಿ ದಾಟಿ, ಯಡಕುಮರಿ ನಿಲ್ದಾಣದಲ್ಲಿ ರಾತ್ರಿ ಕಳೆದು, ಕಾಡಿನೊಳಗಿಂದ ಗುಂಡ್ಯದ ಹೆದ್ದಾರಿಗೆ ಇಳಿಯುವುದು ಅನೇಕರ ವಾಡಿಕೆಯಾಯಿತು. ಕೆಳಗೆ ಕೆಂಪುಹೊಳೆ, ಸುತ್ತ ದಟ್ಟ ಮಳೆಕಾಡು. ‘ಹಸಿರು ಹಾದಿ’ ಎಂಬ ಹೆಸರು ಬಂದದ್ದು ಹೀಗೆ.

ಆದರೆ ಅದನ್ನು ಯಾರೂ ಹಾದಿಯಾಗಿ ರೂಪಿಸಿರಲಿಲ್ಲ. ಸೇತುವೆಗಳ ಮೇಲೆ ಸ್ಲೀಪರುಗಳ ನಡುವಿನ ಸಂದಿಯಲ್ಲಿ ಪ್ರಪಾತ ಕಾಣುತ್ತಿತ್ತು. ಸುರಂಗಗಳಲ್ಲಿ ಟಾರ್ಚೇ ಗತಿ. ಜಲ್ಲಿಯ ಮೇಲೆ ಸೈಕಲ್ ತುಳಿಯುವ ಮಾತೇ ಇರಲಿಲ್ಲ. ರೈಲು ಮರಳಿದ ಮೇಲಂತೂ ಅಲ್ಲಿ ನಡೆಯುವುದು ಪ್ರಾಣಕ್ಕೆ ಸಂಚಕಾರ. 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಘಟ್ಟವೂ ಸುಮ್ಮನಿಲ್ಲ: 2024ರ ಜುಲೈನಲ್ಲಿ ಯಡಕುಮರಿ–ಕಡಗರವಳ್ಳಿ ನಡುವೆ ಮಣ್ಣು ಕುಸಿದು ರೈಲು ಸಂಚಾರ ದಿನಗಟ್ಟಲೆ ನಿಂತಿತ್ತು.

ಸಕಲೇಶಪುರದ ಮಾರ್ಗವನ್ನು ರೈಲಿಗೆ ಮರಳಿಸಿದ್ದು ಸರಿಯೇ. ಬಂದರಿಗೂ ಕರಾವಳಿಯ ಜನರಿಗೂ ಅದು ಬೇಕು. ಆದರೆ ಎಲ್ಲ ಮಾರ್ಗಗಳಿಗೂ ಈ ಮರುಹುಟ್ಟು ಇರುವುದಿಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಮಲೆನಾಡಿನ ನಡುವೆ ಎರಡಡಿ ಗೇಜಿನ ಪುಟ್ಟ ರೈಲು ಓಡುತ್ತಿತ್ತು. ಆ ರೈಲು ಈಗಿಲ್ಲ. ಗೇಜ್ ಬದಲಿಸುವಾಗ ತಿರುವು ನೇರಮಾಡಿದ ಕಡೆಗಳಲ್ಲೂ ಹಳೆಯ ಏರಿಯ ತುಂಡುಗಳು ಅನಾಥವಾಗುತ್ತವೆ.

ಕಲ್ಲೊಡೆದು, ಮಣ್ಣು ಹೊತ್ತು ಏರನ್ನು ಸಮಮಾಡಿದವರ ಬೆವರಿಗೆ ಹಳಿ ಎತ್ತಿದ ಮಾತ್ರಕ್ಕೆ ಬೆಲೆ ಕಳೆಯುವುದಿಲ್ಲ. ಆ ನೆಲ ಒತ್ತುವರಿಯಾಗುವ ಮುನ್ನ ಅಳೆದು, ಗುರುತು ಹಾಕಿ, ಸಾರ್ವಜನಿಕರ ಹೆಸರಿನಲ್ಲಿ ಉಳಿಸಿಕೊಂಡರೆ ಸಾಕು. ಇಂದು ಶಾಲೆಗೆ ಹೋಗುವ ಹುಡುಗಿಯ ಸೈಕಲ್ಲಿಗೆ, ನಾಳೆ ಬೇಕಾದರೆ ಮತ್ತೆ ರೈಲಿಗೆ, ಅದು ದಾರಿಯಾಗಿಯೇ ಉಳಿಯುತ್ತದೆ.