ವೆಸ್ಟ್‌ಮಿನ್‌ಸ್ಟರ್ (ಅಕ್ಷರಶೈಲಿ)

ವೆಸ್ಟ್‌ಮಿನ್‌ಸ್ಟರ್ ಎಂಬುದು ರೋಮನ್ ಲಿಪಿಯ ಒಂದು ಅಕ್ಷರಶೈಲಿ, ಅಂದರೆ ಫಾಂಟ್. ದೊಡ್ಡ ಶೀರ್ಷಿಕೆಗಳಿಗೆಂದೇ ರಚಿತವಾದ ಇದನ್ನು ೧೯೬೦ರ ದಶಕದ ಮಧ್ಯಭಾಗದಲ್ಲಿ ಇಂಗ್ಲೆಂಡಿನ ವಿನ್ಯಾಸಕಾರ ಲಿಯೋ ಮ್ಯಾಗ್ಸ್ ರೂಪಿಸಿದರು. ಬ್ಯಾಂಕ್ ಚೆಕ್ಕಿನ ಕೆಳ ಅಂಚಿನಲ್ಲಿ ಕಾಣುವ, ಅಲ್ಲಲ್ಲಿ ಉಬ್ಬಿದಂತಿರುವ ಅಂಕಿಗಳೇ ಇದಕ್ಕೆ ಮೂಲ. ಗಣಕಯಂತ್ರದ ಬರಹವೆಂದು ನೋಡುವವರಿಗೆ ಒಡನೆಯೇ ಅನ್ನಿಸಿದರೂ ಇದರ ಅಕ್ಷರಗಳನ್ನು ಚೆಕ್ಕು ಓದುವ ಯಂತ್ರವು ಓದಲಾರದು.

ಹಿನ್ನೆಲೆ

ಆ ಅಂಕಿಗಳ ಶೈಲಿಗೆ ಇ-೧೩ಬಿ ಎಂದು ಹೆಸರು. ೧೯೫೦ರ ದಶಕದಲ್ಲಿ ಅಮೆರಿಕದ ಬ್ಯಾಂಕುಗಳಲ್ಲಿ ಚೆಕ್ಕುಗಳ ರಾಶಿಯನ್ನು ಕೈಯಿಂದ ವಿಂಗಡಿಸುವುದು ದುಸ್ತರವಾದಾಗ, ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಸಲುವಾಗಿ ಇವು ಹುಟ್ಟಿಕೊಂಡವು. ಕಬ್ಬಿಣದ ಆಕ್ಸೈಡ್ ಬೆರೆತ ಶಾಯಿಯಿಂದ ಮುದ್ರಿಸಿದ ಅಂಕಿಯನ್ನು ಮೊದಲು ಕಾಂತೀಕರಿಸಿ, ಬಳಿಕ ಓದುವ ಸಾಧನದ ಮುಂದೆ ಹಾಯಿಸಲಾಗುತ್ತದೆ. ಪ್ರತಿಯೊಂದು ಅಂಕಿಯೂ ಬೇರೊಂದರೊಡನೆ ಗೊಂದಲವಾಗದಂಥ ವಿದ್ಯುತ್ ಅಲೆಯನ್ನು ಎಬ್ಬಿಸಬೇಕು. ಗೆರೆಗಳು ಒಂದೆಡೆ ತೆಳುವಾಗಿ ಇನ್ನೊಂದೆಡೆ ಹಠಾತ್ತನೆ ದಪ್ಪವಾಗಿರುವುದು ಈ ಕಾರಣಕ್ಕಾಗಿ, ಅಲಂಕಾರಕ್ಕಾಗಿ ಅಲ್ಲ.

ಇ-೧೩ಬಿಯಲ್ಲಿರುವುದು ಹತ್ತು ಅಂಕಿಗಳು ಮತ್ತು ನಾಲ್ಕು ವಿಶೇಷ ಚಿಹ್ನೆಗಳು ಮಾತ್ರ. ಅಕ್ಷರಗಳೇ ಇಲ್ಲ.

ವಿನ್ಯಾಸ

ಪತ್ರಿಕೆಯೊಂದರ ಲೇಖನಕ್ಕೆ ಭವಿಷ್ಯವನ್ನು ಸೂಚಿಸುವ ಶೀರ್ಷಿಕೆ ಬರೆಯಬೇಕಾಗಿ ಬಂದಾಗ ಮ್ಯಾಗ್ಸ್ ಚೆಕ್ಕಿನ ಅಂಕಿಗಳ ಜಾಡು ಹಿಡಿದು ಅಕ್ಷರಗಳನ್ನು ರಚಿಸಿದರು. ಮುಂದೆ ಅದನ್ನೇ ಪೂರ್ಣ ವರ್ಣಮಾಲೆಯಾಗಿ ಬೆಳೆಸಿದರು. ರಾಬರ್ಟ್ ನಾರ್ಟನ್ ಅವರ ಫೋಟೋಸ್ಕ್ರಿಪ್ಟ್ ಸಂಸ್ಥೆ ಇದನ್ನು ಹೊರತಂದಿತು. ಹೆಸರು ಬಂದದ್ದು ಬ್ರಿಟನ್ನಿನ ವೆಸ್ಟ್‌ಮಿನ್‌ಸ್ಟರ್ ಬ್ಯಾಂಕಿನಿಂದ. ಅಂಕಿಗಳಲ್ಲಿ ಯಂತ್ರದ ಅಗತ್ಯವಾಗಿದ್ದ ಉಬ್ಬುಗಳು ಇಲ್ಲಿ ಕೇವಲ ಕಣ್ಣಿನ ತೃಪ್ತಿಗಾಗಿ ಉಳಿದುಕೊಂಡಿವೆ. ಯಾವ ಕಾಲು ದಪ್ಪಗಾಗಬೇಕು ಎಂಬುದನ್ನು ನಿರ್ಧರಿಸಿದ್ದು ಕಲಾವಿದನ ಕೈ.

ಇದೇ ಮೂಲದಿಂದ ಹುಟ್ಟಿದ ಇನ್ನೊಂದು ಪ್ರಸಿದ್ಧ ಶೈಲಿ ಡೇಟಾ ೭೦. ಅದನ್ನು ಬಾಬ್ ನ್ಯೂಮನ್ ೧೯೭೦ರಲ್ಲಿ ಲೆಟ್ರಾಸೆಟ್ ಸಂಸ್ಥೆಗಾಗಿ ರಚಿಸಿದರು. ಇವೆರಡನ್ನೂ ಒಂದೇ ಎಂದು ಭಾವಿಸುವುದು ಸಾಮಾನ್ಯ.

ಬಳಕೆ

ವೈಜ್ಞಾನಿಕ ಕಾದಂಬರಿಗಳ ಮುಖಪುಟ, ಚಲನಚಿತ್ರದ ಭಿತ್ತಿಪತ್ರ ಮತ್ತು ಗಣಕಯಂತ್ರದ ಜಾಹೀರಾತುಗಳಲ್ಲಿ ಈ ಬಗೆಯ ಅಕ್ಷರಗಳು ಹೇರಳವಾಗಿ ಕಾಣಿಸಿಕೊಂಡವು. ಮುಂದೆ ವೆಸ್ಟ್‌ಮಿನ್‌ಸ್ಟರ್ ಮೈಕ್ರೋಸಾಫ್ಟ್ ತಂತ್ರಾಂಶಗಳೊಡನೆಯೂ ದೊರೆಯತೊಡಗಿತು. ಇಂದು ಇದು ಭವಿಷ್ಯಕ್ಕಿಂತ ಹೆಚ್ಚಾಗಿ ೧೯೬೦-೭೦ರ ದಶಕಗಳನ್ನೇ ನೆನಪಿಸುತ್ತದೆ. ನಾಲ್ಕಾರು ಪದಗಳ ಶೀರ್ಷಿಕೆಗೆ ಇದು ಒಪ್ಪುತ್ತದೆ. ದೀರ್ಘ ಬರಹಕ್ಕೆ ಸರ್ವಥಾ ಸಲ್ಲದು, ಏಕೆಂದರೆ ಸಣ್ಣ ಗಾತ್ರದಲ್ಲಿ ಉಬ್ಬುಗಳೇ ಎದ್ದು ಕಂಡು ಅಕ್ಷರದ ಗುರುತು ಮಸುಕಾಗುತ್ತದೆ.

ಮೂಲ ಅಂಕಿಗಳಾದರೋ ಇನ್ನೂ ದುಡಿಯುತ್ತಿವೆ. ಭಾರತದ ಚೆಕ್ಕುಗಳಲ್ಲಿ ಒಂಬತ್ತು ಅಂಕಿಗಳ ಎಂಐಸಿಆರ್ ಸಂಕೇತವನ್ನು ಇ-೧೩ಬಿಯಲ್ಲಿಯೇ ಮುದ್ರಿಸಲಾಗುತ್ತದೆ. ಮೊದಲ ಮೂರು ಅಂಕಿಗಳು ನಗರವನ್ನು, ನಂತರದ ಮೂರು ಬ್ಯಾಂಕನ್ನು, ಕೊನೆಯ ಮೂರು ಶಾಖೆಯನ್ನು ಸೂಚಿಸುತ್ತವೆ. ಬೆಂಗಳೂರಿನ ಶಾಖೆಗಳ ಸಂಕೇತ ೫೬೦ರಿಂದ ಆರಂಭವಾಗುತ್ತದೆ. ಈಗ ತೀರುವೆಗಾಗಿ ಚೆಕ್ಕಿನ ಕಾಗದದ ಬದಲು ಅದರ ಚಿತ್ರವನ್ನು ಕಳುಹಿಸುವ ಪದ್ಧತಿಯಿದ್ದರೂ, ಚಿತ್ರದೊಡನೆ ಈ ಸಾಲಿನ ಮಾಹಿತಿಯೂ ಹೋಗುತ್ತದೆ.