ಸ್ಪ್ರೆಡ್‌ಶೀಟ್‌ನಲ್ಲಿ ವಿಶೇಷ ಚಿಹ್ನೆಗಳು

ಕೀಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ಕೀಲಿಯಿಲ್ಲದ °, £, €, ₹, √, ✓ ಮುಂತಾದ ಗುರುತುಗಳನ್ನು ಸ್ಪ್ರೆಡ್‌ಶೀಟ್‌ನ ಸೆಲ್‌ಗಳಲ್ಲಿ ಮೂಡಿಸುವ ವಿಧಾನಗಳು. ಪತ್ರ ಬರೆಯುವ ತಂತ್ರಾಂಶಕ್ಕೆ ಯಾವ ಗುರುತಾದರೂ ಬರಿಯ ಅಕ್ಷರ. ಸ್ಪ್ರೆಡ್‌ಶೀಟ್ ಹಾಗಲ್ಲ; ಸೆಲ್‌ಗೆ ಬಿದ್ದದ್ದು ಸಂಖ್ಯೆಯೋ, ಸೂತ್ರವೋ, ಪಠ್ಯವೋ ಎಂದು ಅದು ತೀರ್ಮಾನಿಸಲೇಬೇಕು. ಹಾಗಾಗಿ ಚಿಹ್ನೆ ಮೂಡಿಸುವುದರ ಜೊತೆಗೆ ಲೆಕ್ಕ ಕೆಡದಂತೆ ಕಾಯುವುದೂ ಈ ಇತಿಹಾಸದ ಭಾಗವಾಗಿದೆ.

ಆರಂಭದ ದಿನಗಳು

ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ರೂಪಿಸಿದ ವಿಸಿಕ್ಯಾಲ್ಕ್ 1979ರಲ್ಲಿ ಆಪಲ್ 2 ಕಂಪ್ಯೂಟರಿಗೆ ಬಂದಿತು. ಆ ಯಂತ್ರದ ಮೂಲ ಕೀಬೋರ್ಡಿನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳನ್ನೂ ಟೈಪ್ ಮಾಡಲಾಗುತ್ತಿರಲಿಲ್ಲ. ಇದ್ದ ಕೆಲವೇ ಚಿಹ್ನೆಗಳಿಗೂ ಬೇರೆ ಕೆಲಸ ಬಿದ್ದಿತ್ತು: ಓರೆಗೆರೆ ಆದೇಶಕ್ಕೆ, @ ಫಂಕ್ಷನ್‌ಗೆ, + ಮತ್ತು - ಸೂತ್ರಕ್ಕೆ. ಇಂಥ ಗುರುತಿನಿಂದ ಶೀರ್ಷಿಕೆ ಶುರುವಾಗಬೇಕಿದ್ದರೆ ಮೊದಲು ಜೋಡಿ ಉದ್ಧರಣ ಚಿಹ್ನೆ ಒತ್ತಬೇಕಾಗಿತ್ತು. 1983ರಲ್ಲಿ ಬಂದ ಲೋಟಸ್ 1-2-3 ಪಠ್ಯದ ಮುಂದೆ ಒಂಟಿ ಉದ್ಧರಣ ಚಿಹ್ನೆ ಇಡುವ ಪದ್ಧತಿ ತಂದಿತು. ಇಂದಿಗೂ ಎಕ್ಸೆಲ್‌ನಲ್ಲಿ ಅದೇ ಗುರುತು ಮುಂದಿನದನ್ನು ಪಠ್ಯವೆಂದು ಸಾರುತ್ತದೆ.

ಆಲ್ಟ್ ಸಂಖ್ಯೆಗಳು

ಆಸ್ಕಿ ಸಂಕೇತದಲ್ಲಿ ಇದ್ದದ್ದು 128 ಸ್ಥಾನ. 1981ರ ಐಬಿಎಂ ಪಿಸಿ ಇದನ್ನು 256ಕ್ಕೆ ಹಿಗ್ಗಿಸಿತು. ಆಲ್ಟ್ ಕೀಲಿ ಒತ್ತಿಹಿಡಿದು ಬಲಬದಿಯ ಅಂಕಿ ಕೀಲಿಗಳಲ್ಲಿ 248 ಒತ್ತಿದರೆ °, 156 ಒತ್ತಿದರೆ £, 251 ಒತ್ತಿದರೆ √ ಬರುತ್ತಿತ್ತು. ವಿಂಡೋಸ್ ಬೇರೆಯದೇ ಸಂಕೇತಪಟ್ಟಿ ಬಳಸಿದ್ದರಿಂದ ಎರಡನ್ನೂ ಪ್ರತ್ಯೇಕಿಸಲು ಸೊನ್ನೆಯೊಂದು ಮುಂದೆ ಸೇರಿತು: ° ಎಂಬುದಕ್ಕೆ ಅಲ್ಲಿ 0176, £ ಎಂಬುದಕ್ಕೆ 0163.

ಸಂಖ್ಯೆಗಳನ್ನು ಬಾಯಿಪಾಠ ಮಾಡುವ ಕಷ್ಟ ತಪ್ಪಿಸಲು ಲೋಟಸ್ 1-2-3ರ ಎರಡನೆಯ ಆವೃತ್ತಿ (1985) ‘ಕಂಪೋಸ್’ ಎಂಬ ಸೌಲಭ್ಯ ಕೊಟ್ಟಿತು. ಆಲ್ಟ್ ಮತ್ತು ಎಫ್1 ಒತ್ತಿ, ಆಮೇಲೆ ಎರಡು ಅಕ್ಷರ ಒತ್ತಿದರೆ ಅವು ಕೂಡಿ ಒಂದು ಚಿಹ್ನೆಯಾಗುತ್ತಿದ್ದವು. ಅದೇ ವರ್ಷ ಮ್ಯಾಕಿಂಟಾಷ್‌ಗೆ ಬಂದ ಎಕ್ಸೆಲ್‌ನಲ್ಲಿ ಈ ಕೆಲಸವನ್ನು ಆಪ್ಷನ್ ಕೀಲಿ ಮಾಡುತ್ತಿತ್ತು. ಆದರೆ ಒಂದೇ ಸಂಖ್ಯೆ ಎಲ್ಲ ಕಡೆ ಒಂದೇ ಚಿಹ್ನೆಯಾಗುತ್ತಿರಲಿಲ್ಲ. ವಿಂಡೋಸ್‌ನಲ್ಲಿ ಯೂರೋಗೆ ಮೀಸಲಾದ 128 ಹಳೆಯ ಮ್ಯಾಕ್ ಪಟ್ಟಿಯಲ್ಲಿ ಚುಕ್ಕೆ ಹೊತ್ತ ಲ್ಯಾಟಿನ್ ಅಕ್ಷರವಾಗಿತ್ತು.

ಫಾಂಟ್‌ಗಳ ಕಾಲ

1992ರ ವಿಂಡೋಸ್ 3.1ರೊಂದಿಗೆ ಚಿಹ್ನೆಗಳನ್ನು ನೋಡಿ ಆರಿಸುವ ಕ್ಯಾರೆಕ್ಟರ್ ಮ್ಯಾಪ್ ಹಾಗೂ ವಿಂಗ್‌ಡಿಂಗ್ಸ್ ಫಾಂಟ್ ಬಂದವು. 252ನೆಯ ಅಕ್ಷರವನ್ನು ಟೈಪ್ ಮಾಡಿ ಸೆಲ್‌ಗೆ ವಿಂಗ್‌ಡಿಂಗ್ಸ್ ಹಚ್ಚಿದರೆ ಸರಿ ಗುರುತು ಕಾಣುತ್ತಿತ್ತು; ಫಾಂಟ್ ಬದಲಿಸಿದೊಡನೆ ಅದು ತಲೆಯ ಮೇಲೆ ಎರಡು ಚುಕ್ಕೆಯಿರುವ ಜರ್ಮನ್ ಅಕ್ಷರ. ಕಣ್ಣಿಗೆ ಬೀಳುವುದು ಚಿಹ್ನೆ, ಸೆಲ್‌ನಲ್ಲಿ ಉಳಿಯುವುದು ಬೇರೊಂದು ಅಕ್ಷರ.

ಕನ್ನಡ ಬಳಕೆದಾರರಿಗೂ ಈ ತೊಡಕು ಪರಿಚಿತ. ಯೂನಿಕೋಡ್ ಅಲ್ಲದ ನುಡಿ, ಬರಹ ಫಾಂಟ್‌ಗಳಲ್ಲಿ ಕನ್ನಡದ ಅಕ್ಷರಭಾಗಗಳು ಲ್ಯಾಟಿನ್ ಸ್ಥಾನಗಳಲ್ಲೇ ಕೂತಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದ ಹೆಸರಿನ ಪಟ್ಟಿ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲಾಗುತ್ತಿತ್ತು.

ಯೂನಿಕೋಡ್

ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಹೊರಬಿತ್ತು. ಕನ್ನಡಕ್ಕೂ ಅದರಲ್ಲಿ ಜಾಗವಿತ್ತು. ಎಕ್ಸೆಲ್ 97ರ ಕಡತಗಳು ಯೂನಿಕೋಡ್ ಪಠ್ಯವನ್ನು ಹಿಡಿದಿಡಬಲ್ಲವಾದವು. ಎಕ್ಸೆಲ್ 2002 ಇನ್ಸರ್ಟ್ ಮೆನುವಿನಲ್ಲಿ ಸಿಂಬಲ್ ಪೆಟ್ಟಿಗೆ ಇಟ್ಟಿತು. 255ಕ್ಕಿಂತ ಮೇಲೆ ಹೋಗಲಾರದ ಕ್ಯಾರ್ ಫಂಕ್ಷನ್‌ನ ಜೊತೆಗೆ ಎಕ್ಸೆಲ್ 2013ರಲ್ಲಿ ಯೂನಿಕ್ಯಾರ್ ಸೇರಿತು. ಅದಕ್ಕೆ 10003 ಕೊಟ್ಟರೆ ✓ ಸಿಗುತ್ತದೆ.

ರೂಪಾಯಿ ಚಿಹ್ನೆ

ಡಿ. ಉದಯ ಕುಮಾರ್ ವಿನ್ಯಾಸಗೊಳಿಸಿದ ₹ ಚಿಹ್ನೆಗೆ ಕೇಂದ್ರ ಸಚಿವ ಸಂಪುಟ 2010ರ ಜುಲೈ 15ರಂದು ಒಪ್ಪಿಗೆ ಕೊಟ್ಟಿತು. ಆಗ ಅದಕ್ಕೆ ಸಂಕೇತಸಂಖ್ಯೆಯೇ ಇರಲಿಲ್ಲ. ಮಂಗಳೂರಿನ ಫೊರಾಡಿಯನ್ ಟೆಕ್ನಾಲಜೀಸ್ ಕೆಲವೇ ದಿನಗಳಲ್ಲಿ ಒಂದು ಉಚಿತ ಫಾಂಟ್ ಹೊರತಂದು, ಟ್ಯಾಬ್ ಕೀಲಿಯ ಮೇಲಿರುವ ಕೀಲಿಗೆ ರೂಪಾಯಿಯನ್ನು ಜೋಡಿಸಿತು. ಇದೂ ವಿಂಗ್‌ಡಿಂಗ್ಸ್ ದಾರಿಯೇ: ಫಾಂಟ್ ಇಲ್ಲದ ಕಡೆ ರೂಪಾಯಿಯ ಬದಲು ಸಣ್ಣದೊಂದು ಓರೆಗೀಟು ಕಾಣುತ್ತಿತ್ತು. ಅದೇ ಅಕ್ಟೋಬರಿನ ಯೂನಿಕೋಡ್ 6.0 ಆವೃತ್ತಿ ₹ ಚಿಹ್ನೆಗೆ ದಶಮಾನದಲ್ಲಿ 8377 ಎಂಬ ಸಂಖ್ಯೆ ಕೊಟ್ಟಿತು. 2011ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್‌ಗೆ ಇದರ ಅಪ್‌ಡೇಟ್ ನೀಡಿತು. ಭಾರತೀಯ ಇಂಗ್ಲಿಷ್ ಕೀಬೋರ್ಡ್ ಆರಿಸಿಕೊಂಡವರು ಬಲಬದಿಯ ಆಲ್ಟ್ ಜೊತೆ 4 ಒತ್ತಿ ಇದನ್ನು ಪಡೆಯುತ್ತಾರೆ.

ಚಿಹ್ನೆ ಮತ್ತು ಮೌಲ್ಯ

ಸಂಖ್ಯೆಯ ಪಕ್ಕ ಕೈಯಾರೆ ಟೈಪ್ ಮಾಡಿದ ಚಿಹ್ನೆ ತಂತ್ರಾಂಶಕ್ಕೆ ಗುರುತು ಸಿಗದಿದ್ದರೆ ಇಡೀ ಸೆಲ್ ಪಠ್ಯವಾಗುತ್ತದೆ. ಅಂಥ ಸೆಲ್‌ಗಳ ಸಾಲನ್ನು ಕೂಡಿಸಲು ಹೇಳಿದರೆ ಎಕ್ಸೆಲ್‌ನ ಸಮ್ ಫಂಕ್ಷನ್ ಯಾವ ಎಚ್ಚರಿಕೆಯನ್ನೂ ಕೊಡದೆ ಅವುಗಳನ್ನು ದಾಟಿಹೋಗುತ್ತದೆ. ಮೊತ್ತ ಕಡಿಮೆ ಬರುತ್ತದೆ. ಇದಕ್ಕೆ ಪರಿಹಾರ ಸಂಖ್ಯಾ ಫಾರ್ಮ್ಯಾಟ್. ಫಾರ್ಮ್ಯಾಟ್ ಸೆಲ್ಸ್ ಪೆಟ್ಟಿಗೆಯಲ್ಲಿ ಕರೆನ್ಸಿ ಆರಿಸಿ ₹ ಹಚ್ಚಿದರೆ, ಅಥವಾ ಕಸ್ಟಮ್ ವಿಭಾಗದಲ್ಲಿ 0"°" ಎಂದು ಬರೆದರೆ ಚಿಹ್ನೆ ಹೊರನೋಟದಲ್ಲಿ ಮಾತ್ರ ಇರುತ್ತದೆ. 37° ಎಂದು ಕಾಣುವ ಸೆಲ್‌ನೊಳಗೆ ಉಳಿಯುವುದು 37. ಹೀಗಾಗಿ ಸರಿ ಗುರುತಿನಂಥ ಚಿಹ್ನೆಗಳನ್ನು ಅಕ್ಷರವಾಗಿ ಸೇರಿಸುವುದು, ಹಣ ಮತ್ತು ಅಳತೆಯ ಚಿಹ್ನೆಗಳನ್ನು ಫಾರ್ಮ್ಯಾಟ್ ಮೂಲಕ ತೋರಿಸುವುದು ಲೆಕ್ಕಕ್ಕೆ ಸುರಕ್ಷಿತವಾದ ಕ್ರಮ.